ಲೂಯಿಸ್ ಫಿಗೊ

ಲೂಯಿಸ್ ಫಿಗೊ (ಜನನ: 1972ರ ನವೆಂಬರ್ 4) ಪೋರ್ಚುಗಲ್ಲಿನ ನಿವೃತ್ತ ಫುಟ್‌ಬಾಲ್ ಆಟಗಾರ. ಪೂರ್ಣ ಹೆಸರು ಲೂಯಿಸ್ ಫಿಲಿಪೆ ಮದೈರಾ ಕಯೈರೊ ಫಿಗೊ. ಬಲಬದಿಯ ವಿಂಗರ್ ಆಗಿ ಸುಮಾರು ಎರಡು ದಶಕ ಯುರೋಪಿನ ಅಂಗಳಗಳಲ್ಲಿ ಮಿಂಚಿದ ಇವರು ಲಿಸ್ಬನ್ನಿನ ಸ್ಪೋರ್ಟಿಂಗ್, ಸ್ಪೇನಿನ ಬಾರ್ಸಿಲೋನಾ ಮತ್ತು ರಿಯಲ್ ಮ್ಯಾಡ್ರಿಡ್, ಇಟಲಿಯ ಇಂಟರ್ ಮಿಲಾನ್ ಕ್ಲಬ್‌ಗಳ ಪರ ಆಡಿದರು. ಪೋರ್ಚುಗಲ್ ರಾಷ್ಟ್ರೀಯ ತಂಡಕ್ಕಾಗಿ 127 ಪಂದ್ಯಗಳಲ್ಲಿ 32 ಗೋಲು ಹೊಡೆದರು. 2000ದಲ್ಲಿ, ಆಗ ಯುರೋಪಿನ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುತ್ತಿದ್ದ ಬ್ಯಾಲನ್ ಡಿ'ಓರ್, 2001ರಲ್ಲಿ ಫಿಫಾದ ವಿಶ್ವದ ಶ್ರೇಷ್ಠ ಆಟಗಾರ ಪ್ರಶಸ್ತಿ ಇವರಿಗೆ ಬಂದವು.

ಫಿಗೊ ಎಂದೊಡನೆ ಬಹುತೇಕರಿಗೆ ನೆನಪಾಗುವುದು ಬಾರ್ಸಿಲೋನಾ ಬಿಟ್ಟು ಬದ್ಧ ವೈರಿ ಮ್ಯಾಡ್ರಿಡ್ ಸೇರಿದ 2000ದ ವರ್ಗಾವಣೆ. ಅದು ಫುಟ್‌ಬಾಲಿನ ವ್ಯವಹಾರವನ್ನೇ ಬದಲಿಸಿದ ಘಟನೆ, ನಿಜ. ಆದರೆ ಅದರ ಗದ್ದಲದಲ್ಲಿ ಅವರ ಆಟ ಮಸುಕಾಗಬಾರದು. ಗೋಲು ಹೊಡೆಯುವುದಕ್ಕಿಂತ ಹೊಡೆಸುವುದರಲ್ಲಿ ಪಳಗಿದ ಆಟಗಾರನೊಬ್ಬ ತನ್ನ ಕಾಲದ ಅತಿ ದುಬಾರಿ ಆಟಗಾರನಾದ ಎಂಬುದೇ ಅವರ ವೃತ್ತಿಜೀವನದ ನಿಜವಾದ ವಿಶೇಷ.

ಬಾಲ್ಯ ಮತ್ತು ಸ್ಪೋರ್ಟಿಂಗ್ ವರ್ಷಗಳು

ಲಿಸ್ಬನ್ನಿನಿಂದ ಟೇಗಸ್ ನದಿ ದಾಟಿದರೆ ಆಚೆ ದಡದಲ್ಲಿ ಅಲ್ಮಾಡಾ ಸಿಗುತ್ತದೆ. ಹಡಗು ಕಟ್ಟೆಗಳನ್ನೂ ಕಾರ್ಖಾನೆಗಳನ್ನೂ ನಂಬಿ ಬದುಕಿದ ದುಡಿಮೆಗಾರರ ಊರದು. ಅಲ್ಲಿನ ಕೋವಾ ದ ಪಿಯೆದಾದೆ ಬಡಾವಣೆಯಲ್ಲಿ ತಂದೆತಾಯಿಯ ಒಬ್ಬನೇ ಮಗನಾಗಿ ಫಿಗೊ ಬೆಳೆದರು. ಮೊದಲು ಆಡಿದ್ದು 'ಓಸ್ ಪಾಸ್ಟಿಲ್ಯಾಸ್' ಎಂಬ ಓಣಿ ಹುಡುಗರ ತಂಡದಲ್ಲಿ. ಹನ್ನೆರಡರ ಆಸುಪಾಸಿನಲ್ಲಿ ಸ್ಪೋರ್ಟಿಂಗ್ ಕ್ಲಬ್ಬಿನ ತರಬೇತಿ ಶಾಲೆ ಸೇರಿದರು. ಈ ಶಾಲೆಗೆ ವಿಂಗರ್‌ಗಳನ್ನು ತಯಾರಿಸುವ ಪರಂಪರೆಯೇ ಇದೆ. ಫಿಗೊ ಅವರಿಗಿಂತ ಮೊದಲು ಪಾವ್ಲೊ ಫುತ್ರೆ, ಅನಂತರ ಸಿಮಾವ್ ಸಬ್ರೋಸಾ, ರಿಕಾರ್ಡೊ ಕ್ವಾರೆಸ್ಮಾ, ಕ್ರಿಸ್ಟಿಯಾನೊ ರೊನಾಲ್ಡೊ, ನಾನಿ, ಎಲ್ಲರೂ ಇದೇ ಗರಡಿಯಿಂದ ಬಂದವರು.

ಆ ಹೊತ್ತಿಗೆ ಪೋರ್ಚುಗಲ್ ಫುಟ್‌ಬಾಲ್ ಬಡವಾಗಿತ್ತು. ಯುಸೇಬಿಯೊ ಕಾಲದಲ್ಲಿ, 1966ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದಿದ್ದ ದೇಶ ಅದಾದ ಮೇಲೆ 1984ರ ಯುರೋ ಕಪ್ ಸೆಮಿಫೈನಲ್ ಬಿಟ್ಟರೆ ಹೇಳಿಕೊಳ್ಳುವಂಥದ್ದೇನನ್ನೂ ಸಾಧಿಸಿರಲಿಲ್ಲ. 1986ರ ವಿಶ್ವಕಪ್ ಆಡಿತಾದರೂ ಆಟಗಾರರು ಮತ್ತು ಆಡಳಿತಗಾರರ ಜಗಳದಲ್ಲಿ ಮೊದಲ ಸುತ್ತಿನಲ್ಲೇ ಹೊರಬಿತ್ತು. ಈ ಸ್ಥಿತಿಯಲ್ಲಿ ಕಾರ್ಲೋಸ್ ಕೇರೋಜ್ ಎಂಬ ತರಬೇತುದಾರ ಎಳೆಯರ ತಂಡಗಳನ್ನು ಕೈಗೆತ್ತಿಕೊಂಡರು. 1989ರಲ್ಲಿ ಅವರ ಹುಡುಗರು 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಶಿಪ್ ಗೆದ್ದರು. ಅದೇ ವರ್ಷ ಫಿಗೊ ಇದ್ದ 16 ವರ್ಷದೊಳಗಿನವರ ತಂಡ ಯುರೋಪಿಯನ್ ಪ್ರಶಸ್ತಿ ಪಡೆಯಿತು. ಎರಡು ವರ್ಷಗಳ ನಂತರ 20 ವರ್ಷದೊಳಗಿನವರ ವಿಶ್ವ ಟೂರ್ನಿ ಪೋರ್ಚುಗಲ್ಲಿನಲ್ಲೇ ನಡೆಯಿತು. 1991ರ ಜೂನ್ 30ರಂದು ಬೆನ್ಫಿಕಾದ ಲುಜ್ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಮೀರಿದ ಜನರ ಮುಂದೆ ಬ್ರೆಜಿಲ್ ಎದುರು ಫೈನಲ್. ಗೋಲಿಲ್ಲದೆ ಮುಗಿದ ಪಂದ್ಯ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಪೋರ್ಚುಗಲ್ 4-2ರಿಂದ ಗೆದ್ದಿತು. ನಿರ್ಣಾಯಕ ಪೆನಾಲ್ಟಿ ಹೊಡೆದದ್ದು ರೂಯಿ ಕೋಸ್ಟಾ. ಫಿಗೊ, ರೂಯಿ ಕೋಸ್ಟಾ, ಜೊವಾವ್ ಪಿಂಟೊ, ಜಾರ್ಜ್ ಕೋಸ್ಟಾ, ಅವರಿಗಿಂತ ಸ್ವಲ್ಪ ಹಿರಿಯರಾದ ಫೆರ್ನಾಂಡೊ ಕೌಟೊ, ಪಾವ್ಲೊ ಸೌಸಾ ಇವರೆಲ್ಲ ಸೇರಿ 'ಸುವರ್ಣ ಪೀಳಿಗೆ' ಎನಿಸಿಕೊಂಡರು. ಆ ಹೆಸರಿನ ಭಾರವನ್ನು ಮುಂದಿನ ಹದಿನೈದು ವರ್ಷ ಹೊತ್ತರು.

ಸ್ಪೋರ್ಟಿಂಗ್ ಹಿರಿಯರ ತಂಡಕ್ಕೆ ಫಿಗೊ ಮೊದಲ ಬಾರಿ ಆಡಿದ್ದು 1990ರ ಏಪ್ರಿಲ್ 1ರಂದು, ಮಾರಿಟಿಮೊ ವಿರುದ್ಧ. ಆಗ ವಯಸ್ಸು 17. ಮುಂದಿನ ವರ್ಷ ಅಕ್ಟೋಬರ್ 12ರಂದು ಲಕ್ಸೆಂಬರ್ಗ್ ಎದುರಿನ ಸೌಹಾರ್ದ ಪಂದ್ಯದಲ್ಲಿ ರಾಷ್ಟ್ರೀಯ ತಂಡದ ಅಂಗಿ ತೊಟ್ಟರು. ಸ್ಪೋರ್ಟಿಂಗ್ ಪರ 129 ಲೀಗ್ ಪಂದ್ಯಗಳಲ್ಲಿ 16 ಗೋಲು. ಪ್ರಶಸ್ತಿಯೆಂದರೆ ಒಂದೇ: 1995ರ ಪೋರ್ಚುಗೀಸ್ ಕಪ್. ಅದರ ಫೈನಲ್‌ನಲ್ಲೂ ಎದುರಾಳಿ ಮಾರಿಟಿಮೊ ತಂಡವೇ.

ಅದೇ ವರ್ಷ ಇಟಲಿಯ ಯುವೆಂಟಸ್ ಮತ್ತು ಪಾರ್ಮಾ ಎರಡೂ ಕ್ಲಬ್‌ಗಳು ಫಿಗೊ ತಮ್ಮೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ್ದಾರೆಂದು ಪಟ್ಟು ಹಿಡಿದವು. ವ್ಯಾಜ್ಯದ ಕೊನೆಗೆ ಎರಡು ವರ್ಷ ಯಾವ ಇಟಾಲಿಯನ್ ಕ್ಲಬ್ಬನ್ನೂ ಸೇರದಂತೆ ನಿರ್ಬಂಧ ಬಿತ್ತು. ಇಟಲಿಯ ಬಾಗಿಲು ಮುಚ್ಚಿದ್ದರಿಂದಲೇ ಬಾರ್ಸಿಲೋನಾಕ್ಕೆ ಅವರು ಬಹಳ ಅಗ್ಗದ ಬೆಲೆಗೆ ಸಿಕ್ಕಿದರು. ಐದು ವರ್ಷಗಳ ನಂತರ ಅವರ ಮೇಲೆ ಬಿದ್ದ ಬೆಲೆಯನ್ನು ನೋಡಿದರೆ 1995ರ ಆ ಖರೀದಿ ಎಂಥ ಅದೃಷ್ಟವೆಂದು ಗೊತ್ತಾಗುತ್ತದೆ.

ಆಟದ ರೀತಿ

ಫಿಗೊ ಮಿಂಚಿನ ಓಟಗಾರರಲ್ಲ. ಅವರಿಗಿಂತ ವೇಗವಾಗಿ ಓಡುವ ವಿಂಗರ್‌ಗಳು ಆ ಕಾಲದಲ್ಲಿ ಹಲವರಿದ್ದರು. ಅವರ ಬಲವಿದ್ದದ್ದು ವೇಗವನ್ನು ಬದಲಿಸುವುದರಲ್ಲಿ. ಬಲಗಡೆಯ ಟಚ್‌ಲೈನ್ ಹತ್ತಿರ ಚೆಂಡು ಪಡೆದು, ಎದುರಿಗೆ ನಿಂತ ಫುಲ್‌ಬ್ಯಾಕ್ ಕಡೆಗೆ ನಿಧಾನವಾಗಿ, ನಡೆದುಕೊಂಡೇ ಹೋದಂತೆ ಹೋಗುವರು. ಸೊಂಟದಿಂದ ಮೇಲಿನ ದೇಹ ಒಂದು ಕಡೆ ವಾಲುತ್ತದೆ. ಡಿಫೆಂಡರ್ ಅತ್ತ ಹೆಜ್ಜೆ ಇಟ್ಟ ಆ ಅರ್ಧ ಕ್ಷಣದಲ್ಲಿ ಚೆಂಡು ಇನ್ನೊಂದು ಕಡೆಗೆ ಹೊರಟಿರುತ್ತದೆ. ಬೇರೆ ಕೆಲವರ ಹಾಗೆ ಚೆಂಡಿನ ಮೇಲೆ ಕಾಲು ಸುತ್ತಿಸಿ ಹತ್ತು ಬಗೆಯ ಕಸರತ್ತು ತೋರಿಸುವ ಚಾಳಿ ಅವರಿಗಿರಲಿಲ್ಲ. ಒಂದೇ ತಂತ್ರವನ್ನು ಮತ್ತೆ ಮತ್ತೆ ಬಳಸುತ್ತಿದ್ದರು, ಮತ್ತೆ ಮತ್ತೆ ಫಲಿಸುತ್ತಿತ್ತು.

ಬಲಗಾಲಿನವರಾದರೂ ಎಡಗಾಲು ಹೆಚ್ಚು ಹಿಂದುಳಿದಿರಲಿಲ್ಲ. ಹಾಗಾಗಿ ಹೊರಗಡೆಯಿಂದ ದಾಟಿ ಕ್ರಾಸ್ ಕೊಡುತ್ತಾರೋ, ಒಳಕ್ಕೆ ತಿರುಗಿ ಗೋಲಿಗೆ ಹೊಡೆಯುತ್ತಾರೋ ಎಂದು ಎದುರಾಳಿಗೆ ಮೊದಲೇ ತಿಳಿಯುತ್ತಿರಲಿಲ್ಲ. ಎತ್ತರ ಸುಮಾರು 1.80 ಮೀಟರ್, ಕಟ್ಟುಮಸ್ತಾದ ಮೈ. ಡಿಫೆಂಡರ್ ಹೆಗಲಿನಿಂದ ತಳ್ಳಿದರೂ ಚೆಂಡು ಕಾಲಿಗೆ ಅಂಟಿಕೊಂಡೇ ಇರುತ್ತಿತ್ತು. ಕಾರ್ನರ್, ಫ್ರೀ ಕಿಕ್, ಪೆನಾಲ್ಟಿ ಮೂರರ ಹೊಣೆಯೂ ಅವರದೇ. ಇಷ್ಟಿದ್ದೂ ಗೋಲುಗಳ ಸಂಖ್ಯೆ ದೊಡ್ಡದಲ್ಲ: ಬಾರ್ಸಿಲೋನಾದ ಐದು ಋತುಗಳಲ್ಲಿ 172 ಲೀಗ್ ಪಂದ್ಯ, 30 ಗೋಲು, ಮ್ಯಾಡ್ರಿಡ್‌ನ ಐದು ಋತುಗಳಲ್ಲಿ 164 ಲೀಗ್ ಪಂದ್ಯ, 38 ಗೋಲು. ವರ್ಷಕ್ಕೆ ನಲವತ್ತು ಐವತ್ತು ಗೋಲು ಹೊಡೆಯುವ ಈಗಿನ ವಿಂಗರ್‌ಗಳನ್ನು ನೋಡಿ ಬೆಳೆದವರಿಗೆ ಈ ಅಂಕಿ ಸಪ್ಪೆಯೆನಿಸಬಹುದು. ಆದರೆ ಆಗಿನ ವಿಂಗರ್‌ನ ಕೆಲಸವೇ ಬೇರೆ. ಬದಿಯಲ್ಲಿ ಒಬ್ಬನನ್ನೋ ಇಬ್ಬರನ್ನೋ ದಾಟಿ, ಪೆನಾಲ್ಟಿ ಪ್ರದೇಶದಲ್ಲಿ ಕಾದಿರುವ ಸ್ಟ್ರೈಕರ್‌ನ ತಲೆಗೋ ಕಾಲಿಗೋ ಚೆಂಡು ತಲುಪಿಸುವುದು. ಆ ಕೆಲಸದಲ್ಲಿ ಅವರನ್ನು ಮೀರಿಸಿದವರು ತೊಂಬತ್ತರ ದಶಕದ ಕೊನೆಯಲ್ಲಿ ಯಾರೂ ಇರಲಿಲ್ಲ.

ಬಾರ್ಸಿಲೋನಾ, 1995–2000

ಫಿಗೊ ಬಂದಾಗ ಯೊಹಾನ್ ಕ್ರೈಫ್ ಅವರ ಕೋಚ್ ಅವಧಿ ಮುಗಿಯುತ್ತ ಬಂದಿತ್ತು. ಮುಂದಿನ ಋತುವಿಗೆ ಇಂಗ್ಲೆಂಡಿನ ಬಾಬಿ ರಾಬ್ಸನ್ ಬಂದರು. ಇವರು ಸ್ಪೋರ್ಟಿಂಗ್‌ನಲ್ಲೂ ಫಿಗೊ ಅವರಿಗೆ ಕೋಚ್ ಆಗಿದ್ದವರು. ರಾಬ್ಸನ್ ಜೊತೆ ದುಭಾಷಿಯೂ ಸಹಾಯಕನೂ ಆಗಿ ಬಂದ ಪೋರ್ಚುಗೀಸ್ ಯುವಕ ಜೋಸೆ ಮೊರಿನ್ಯೊ. ಮುಂದೆ ಮಿಲಾನಿನಲ್ಲಿ ಫಿಗೊ ಅವರ ಕೊನೆಯ ಕೋಚ್ ಆದವರೂ ಇವರೇ.

1996-97ರ ಆ ತಂಡದಲ್ಲಿ ಬ್ರೆಜಿಲಿನ ರೊನಾಲ್ಡೊ ಗೋಲಿನ ಸುರಿಮಳೆಗರೆದರು. ಬಾರ್ಸಿಲೋನಾ ಲೀಗಿನಲ್ಲಿ 102 ಗೋಲು ಹೊಡೆದೂ ಎರಡನೇ ಸ್ಥಾನಕ್ಕೆ ಇಳಿಯಿತು. ಆದರೆ ರಾಟರ್‌ಡ್ಯಾಮ್‌ನಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ ತಂಡವನ್ನು 1-0ಯಿಂದ ಸೋಲಿಸಿ ಕಪ್ ವಿನ್ನರ್ಸ್ ಕಪ್ ಗೆದ್ದಿತು. 1997ರ ಜೂನ್ 28ರಂದು ಸ್ಪೇನಿನ ಕಿಂಗ್ಸ್ ಕಪ್ ಫೈನಲ್ ನಡೆದದ್ದು ಮ್ಯಾಡ್ರಿಡ್‌ನ ಸ್ಯಾಂಟಿಯಾಗೊ ಬೆರ್ನಬೆವು ಕ್ರೀಡಾಂಗಣದಲ್ಲಿ. ರಿಯಲ್ ಬೆಟಿಸ್ ಎರಡು ಸಲ ಮುಂದೆ ಹೋಯಿತು, ಬಾರ್ಸಿಲೋನಾ ಎರಡು ಸಲವೂ ಸರಿಗಟ್ಟಿತು. ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲು ಫಿಗೊ ಅವರದು. ಮೊದಲ ಸಮಬಲದ ಗೋಲೂ ಅವರದೇ. ಪಂದ್ಯ ಮುಗಿದಾಗ 3-2. ಮೂರು ವರ್ಷಗಳ ನಂತರ ಅದೇ ಅಂಗಳ ಅವರ ಮನೆಯಂಗಳವಾಯಿತು.

ರಾಬ್ಸನ್ ನಂತರ ನೆದರ್ಲೆಂಡ್ಸ್‌ನ ಲೂಯಿ ವಾನ್ ಗಾಲ್ ಬಂದರು. ಶಿಸ್ತಿನ ಕೋಚ್. ಪ್ರತಿಯೊಬ್ಬರಿಗೂ ಜಾಗ ನಿಗದಿ ಮಾಡಿ, ಅದನ್ನು ಬಿಟ್ಟು ಕದಲಕೂಡದು ಎನ್ನುವವರು. ಎಡಬದಿಗೆ ಅಂಟಿಕೊಳ್ಳಲು ಒಲ್ಲದ ರಿವಾಲ್ಡೊ ಅವರೊಂದಿಗೆ ಈ ವಿಷಯಕ್ಕೇ ಸಂಘರ್ಷವಾಯಿತು. ಫಿಗೊ ಮಾತ್ರ ಆ ಚೌಕಟ್ಟಿನೊಳಗೇ ಅರಳಿದರು. ಬಲಬದಿ ಪೂರ್ತಿ ಅವರದು. ಮಧ್ಯದಲ್ಲಿ ಪೆಪ್ ಗಾರ್ಡಿಯೋಲಾ, ಮುಂದೆ ಕ್ಲೈವರ್ಟ್, ಆಚೆ ಬದಿಯಲ್ಲಿ ರಿವಾಲ್ಡೊ. 1997-98ರಲ್ಲಿ ಲೀಗ್ ಮತ್ತು ಕಿಂಗ್ಸ್ ಕಪ್ ಎರಡೂ ಬಂದವು. 1959ರ ನಂತರ ಬಾರ್ಸಿಲೋನಾ ಒಂದೇ ಋತುವಿನಲ್ಲಿ ಈ ಜೋಡಿ ಗೆದ್ದದ್ದು ಅದೇ ಮೊದಲು. 1998-99ರಲ್ಲಿ ಮತ್ತೆ ಲೀಗ್ ಪ್ರಶಸ್ತಿ.

ಫಿಗೊ ಆ ಊರಿನ ಕಣ್ಮಣಿಯಾದರು. ತಂಡದ ನಾಯಕತ್ವದ ಪಟ್ಟಿ ತೋಳಿಗೆ ಬಂತು. ಪ್ರಶಸ್ತಿ ಗೆದ್ದ ಸಂಭ್ರಮದಲ್ಲಿ ನೆರೆದ ಜನಸ್ತೋಮದ ಮುಂದೆ ಮ್ಯಾಡ್ರಿಡ್‌ನವರನ್ನು ಅಳುಬುರುಕರೆಂದು ಛೇಡಿಸುವ ಘೋಷಣೆಯನ್ನೂ ಕೂಗಿದರು. ಕ್ಯಾಟಲೋನಿಯಾದ ಜನ ಅವರನ್ನು ಹೊರಗಿನಿಂದ ಬಂದ ಆಟಗಾರ ಎಂದು ಕಾಣುತ್ತಿರಲಿಲ್ಲ, ನಮ್ಮವನೆಂದೇ ಬಗೆದಿದ್ದರು. ಮುಂದೆ ಬಂದ ದ್ವೇಷ ಅಷ್ಟು ಉಗ್ರವಾದದ್ದಕ್ಕೆ ಈ ಪ್ರೀತಿಯೇ ಕಾರಣ.

2000ದ ವರ್ಗಾವಣೆ

2000ದ ಬೇಸಿಗೆಯಲ್ಲಿ ಎರಡೂ ಕ್ಲಬ್‌ಗಳಲ್ಲಿ ಅಧ್ಯಕ್ಷ ಚುನಾವಣೆ. ಇವು ಷೇರುದಾರರ ಕಂಪನಿಗಳಲ್ಲ. ಸದಸ್ಯರ ಮತದಿಂದಲೇ ಅಧ್ಯಕ್ಷರ ಆಯ್ಕೆ. ಬಾರ್ಸಿಲೋನಾದಲ್ಲಿ ಎರಡು ದಶಕ ಆಳಿದ ಜೋಸೆಪ್ ಲೂಯಿಸ್ ನುನ್ಯೆಜ್ ರಾಜೀನಾಮೆ ಕೊಟ್ಟಿದ್ದರು, ಹೊಸಬರು ಇನ್ನೂ ಬಂದಿರಲಿಲ್ಲ. ಮ್ಯಾಡ್ರಿಡ್‌ನಲ್ಲಿ ಲೊರೆಂಜೊ ಸಾಂಜ್ ಆಗಷ್ಟೇ ಚಾಂಪಿಯನ್ಸ್ ಲೀಗ್ ಗೆದ್ದ ಅಧ್ಯಕ್ಷ. ಅವರ ಗೆಲುವು ಖಚಿತವೆಂದೇ ಎಲ್ಲರ ಎಣಿಕೆಯಾಗಿತ್ತು. ಎದುರಾಳಿ ಫ್ಲೊರೆಂಟಿನೊ ಪೆರೆಜ್ ನಿರ್ಮಾಣ ಉದ್ಯಮಿ. ಕ್ಲಬ್ಬಿನ ತಲೆಯ ಮೇಲೆ ದೊಡ್ಡ ಸಾಲವಿತ್ತು. ಸದಸ್ಯರನ್ನು ಒಲಿಸಲು ಪೆರೆಜ್ ಅವರಿಗೆ ಹೊಸ ಮಾತೊಂದು ಬೇಕಿತ್ತು.

ಆ ಮಾತು ಫಿಗೊ. ಅವರ ಏಜೆಂಟ್ ಜೋಸೆ ವೇಗ ಅವರೊಡನೆ ಪೆರೆಜ್ ಮೊದಲೇ ಒಪ್ಪಂದ ಮಾಡಿಕೊಂಡರು. ಮಧ್ಯವರ್ತಿಯಾಗಿ ನಿಂತದ್ದು ಹಿಂದಿನ ತಲೆಮಾರಿನ ವಿಂಗರ್ ಪಾವ್ಲೊ ಫುತ್ರೆ. ಪೆರೆಜ್ ಗೆದ್ದರೆ ಫಿಗೊ ಮ್ಯಾಡ್ರಿಡ್‌ಗೆ ಬರಬೇಕು, ಮಾತು ತಪ್ಪಿದರೆ ಭಾರಿ ದಂಡ ತೆರಬೇಕು ಎಂಬುದು ಷರತ್ತು. ಫಿಗೊ ಅವರನ್ನು ಕರೆತರದಿದ್ದರೆ ಸದಸ್ಯರ ಆ ವರ್ಷದ ಸೀಸನ್ ಟಿಕೆಟ್ ಹಣವನ್ನು ತಾವೇ ಭರಿಸುವುದಾಗಿ ಪೆರೆಜ್ ಘೋಷಿಸಿದರು. ಆ ದಿನಗಳಲ್ಲೇ ಫಿಗೊ ತಾನು ಬಾರ್ಸಿಲೋನಾದಲ್ಲೇ ಉಳಿಯುವುದಾಗಿ ಪತ್ರಿಕೆಗೆ ಹೇಳಿದ್ದರು. ಜುಲೈ 16ರಂದು ಪೆರೆಜ್ ಗೆದ್ದರು. ಫಿಗೊ ಅವರ ಒಪ್ಪಂದದಲ್ಲಿ ಬಿಡುಗಡೆಯ ಮೊತ್ತ 1,000 ಕೋಟಿ ಪೆಸೆಟಾ ಎಂದಿತ್ತು, ಅಂದರೆ ಸುಮಾರು 6 ಕೋಟಿ ಯೂರೊ. ಅಷ್ಟನ್ನೂ ಯಾರಾದರೂ ಇಟ್ಟರೆ ಬಾರ್ಸಿಲೋನಾ ತಡೆಯುವಂತಿರಲಿಲ್ಲ. ಜುಲೈ 24ರಂದು ಫಿಗೊ ಮ್ಯಾಡ್ರಿಡ್‌ನಲ್ಲಿ ಆಲ್ಫ್ರೆಡೊ ಡಿ ಸ್ಟೆಫಾನೊ ಅವರ ಕೈಯಿಂದ ಬಿಳಿ ಅಂಗಿ ಪಡೆದರು. ಆ ದಿನದ ಚಿತ್ರಗಳಲ್ಲಿ ಅವರ ಮುಖದಲ್ಲಿ ನಗುವಿನ ಸುಳಿವು ಕಡಿಮೆ. ಅವರ ಎಂದಿನ ಏಳನೇ ಸಂಖ್ಯೆಯ ಅಂಗಿ ಮ್ಯಾಡ್ರಿಡ್‌ನಲ್ಲಿ ರೌಲ್ ಬಳಿ ಇದ್ದುದರಿಂದ ಹತ್ತನ್ನು ತೊಟ್ಟರು.

ಯಾವ ಆಟಗಾರನಿಗೂ ಅದುವರೆಗೆ ಅಷ್ಟು ಹಣ ಸಂದಿರಲಿಲ್ಲ. ಪೆರೆಜ್ ಅಲ್ಲಿಗೆ ನಿಲ್ಲಲಿಲ್ಲ. 2001ರಲ್ಲಿ ಜಿನೆದಿನ್ ಜಿದಾನ್, 2002ರಲ್ಲಿ ರೊನಾಲ್ಡೊ, 2003ರಲ್ಲಿ ಡೇವಿಡ್ ಬೆಕ್‌ಹ್ಯಾಮ್, ಹೀಗೆ ವರ್ಷಕ್ಕೊಬ್ಬ ತಾರೆ. 'ಗಲಾಕ್ಟಿಕೋ' ಯುಗವೆಂದು ಹೆಸರಾದ ಆ ಸಾಲಿನ ಮೊದಲಿಗ ಫಿಗೊ. ಒಬ್ಬ ಆಟಗಾರನನ್ನು ಚುನಾವಣಾ ಭರವಸೆಯಾಗಿ, ಅಂಗಿ ಮಾರಾಟದ ಸರಕಾಗಿ, ಕ್ಲಬ್ಬಿನ ಜಾಗತಿಕ ಮುಖವಾಗಿ ಒಟ್ಟಿಗೇ ಬಳಸುವ ವ್ಯವಹಾರ ಇಲ್ಲಿಂದ ಬೇರೂರಿತು. ಇತ್ತ ಬಾರ್ಸಿಲೋನಾದ ಹೊಸ ಅಧ್ಯಕ್ಷ ಜೋನ್ ಗಾಸ್ಪಾರ್ಟ್ ಕೈಗೆ ಬಂದ ಹಣವನ್ನು ಅವಸರದಲ್ಲಿ ಖರ್ಚು ಮಾಡಿದರು. ಆರ್ಸೆನಲ್‌ನಿಂದ ಓವರ್‌ಮಾರ್ಸ್ ಮತ್ತು ಪೆಟಿ, ವೆಲೆನ್ಸಿಯಾದಿಂದ ಜೆರಾರ್ಡ್, ಬೆಟಿಸ್‌ನಿಂದ ಆಲ್ಫೊನ್ಸೊ ಬಂದರು. ಯಾರೂ ಫಿಗೊ ಜಾಗ ತುಂಬಲಿಲ್ಲ. 2005ರವರೆಗೆ ಬಾರ್ಸಿಲೋನಾಕ್ಕೆ ಒಂದು ಪ್ರಮುಖ ಪ್ರಶಸ್ತಿಯೂ ದಕ್ಕಲಿಲ್ಲ.

ಕ್ಯಾಂಪ್ ನೌಗೆ ಮರಳಿದ್ದು

2000ದ ಅಕ್ಟೋಬರ್ 21ರಂದು ಫಿಗೊ ಬಿಳಿ ಅಂಗಿಯಲ್ಲಿ ಬಾರ್ಸಿಲೋನಾದ ಕ್ಯಾಂಪ್ ನೌ ಅಂಗಳಕ್ಕೆ ಕಾಲಿಟ್ಟರು. ಗ್ಯಾಲರಿಗಳ ತುಂಬ ದ್ರೋಹಿ, ಹಣದಾಸೆಯವನು ಎಂಬ ಬ್ಯಾನರ್‌ಗಳು. ಅವರ ಕಾಲಿಗೆ ಚೆಂಡು ತಾಗಿದಾಗಲೆಲ್ಲ ಕಿವಿಗಡಚಿಕ್ಕುವ ಸಿಳ್ಳೆ. ಪ್ರೇಕ್ಷಕರು ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. ಗ್ಯಾಲರಿಗೆ ತೀರ ಹತ್ತಿರವಾದ ಮೂಲೆಗೆ ಹೋಗಿ ಕಾರ್ನರ್ ಹೊಡೆಯುವ ಕೆಲಸವನ್ನು ಅಂದು ಅವರು ಮಾಡಲಿಲ್ಲ. ಯುವ ಡಿಫೆಂಡರ್ ಕಾರ್ಲೆಸ್ ಪುಯೋಲ್ ಪಂದ್ಯವಿಡೀ ಅವರಿಗೆ ನೆರಳಿನಂತೆ ಅಂಟಿಕೊಂಡರು. ಬಾರ್ಸಿಲೋನಾ 2-0ಯಿಂದ ಗೆದ್ದಿತು. ಒಂದು ಗೋಲು ಲೂಯಿಸ್ ಎನ್ರಿಕೆ ಅವರದು, ಇನ್ನೊಂದು ಸ್ಪೋರ್ಟಿಂಗ್ ಶಾಲೆಯಲ್ಲೇ ಬೆಳೆದ ಸಿಮಾವ್ ಅವರದು.

2002ರ ನವೆಂಬರ್ 23ರ ಪಂದ್ಯದಲ್ಲಿ ಫಿಗೊ ಹಿಂಜರಿಯಲಿಲ್ಲ. ಎರಡನೇ ಅವಧಿಯಲ್ಲಿ ಕಾರ್ನರ್ ಹೊಡೆಯಲು ತಾವೇ ಮೂಲೆಗೆ ನಡೆದರು. ನಾಣ್ಯ, ಲೈಟರ್, ಮೊಬೈಲ್ ಫೋನು, ಬಾಟಲಿಗಳು ಬಂದು ಬಿದ್ದವು. ಅವರು ಅವಸರಪಡಲಿಲ್ಲ. ಬಿದ್ದದ್ದನ್ನು ಬದಿಗೆ ಸರಿಸಿ, ಚೆಂಡಿಟ್ಟು, ಮತ್ತೆ ಸರಿಸಿ, ಮತ್ತೆ ಇಟ್ಟರು. ಆಗಲೇ ಹಂದಿಮರಿಯ ತಲೆಯೊಂದು ಹಾರಿಬಂದು ಟಚ್‌ಲೈನ್ ಬಳಿ ಬಿತ್ತು. ರೆಫರಿ ಮೆದಿನಾ ಕಾಂಟಲೆಹೊ ಎರಡೂ ತಂಡಗಳನ್ನು ಒಳಗೆ ಕಳಿಸಿದರು. ಸುಮಾರು ಕಾಲು ಗಂಟೆ ನಿಂತ ಆಟ ಮತ್ತೆ ಶುರುವಾಗಿ 0-0ಯಲ್ಲಿ ಮುಗಿಯಿತು. ಆ ಹಂದಿ ತಲೆಯ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆದರೆ ಆ ರಾತ್ರಿಯ ನಿಜವಾದ ಚಿತ್ರ ಅದಲ್ಲ. ಸಾವಿರಾರು ಜನರ ಕೋಪದ ಕೆಳಗೆ ನಿಂತು ಮತ್ತೆ ಮತ್ತೆ ಕಾರ್ನರ್ ಹೊಡೆಯಲು ಹೋದ ಆಟಗಾರನ ಎದೆಗಾರಿಕೆಯೇ ಎದ್ದು ಕಾಣುತ್ತದೆ. ವರ್ಗಾವಣೆಯಲ್ಲಿ ಅವರ ನಡೆ ಸರಿಯೋ ತಪ್ಪೋ ಎಂಬ ವಾದ ಬೇರೆ. ಒಬ್ಬ ಮನುಷ್ಯನ ಮೇಲೆ ಬಾಟಲಿ ಎಸೆಯುವುದನ್ನು ಯಾವ ಅಭಿಮಾನವೂ ಸಮರ್ಥಿಸದು.

ಮ್ಯಾಡ್ರಿಡ್, 2000–2005

ಮ್ಯಾಡ್ರಿಡ್‌ನಲ್ಲಿ ಮೊದಲ ಋತುವೇ ಲೀಗ್ ಪ್ರಶಸ್ತಿ ತಂದಿತು. 2000ದ ಡಿಸೆಂಬರ್‌ನಲ್ಲಿ ಬ್ಯಾಲನ್ ಡಿ'ಓರ್ ಘೋಷಣೆಯಾದಾಗ ಜಿದಾನ್ ಎರಡನೆಯವರು, ಶೆವ್ಚೆಂಕೊ ಮೂರನೆಯವರು. 1965ರ ಯುಸೇಬಿಯೊ ನಂತರ ಈ ಗೌರವ ಪಡೆದ ಮೊದಲ ಪೋರ್ಚುಗೀಸ್ ಆಟಗಾರ ಫಿಗೊ. ಆ ವರ್ಷದ ಮೊದಲರ್ಧದ ಕ್ಲಬ್ ಆಟವೆಲ್ಲ ಬಾರ್ಸಿಲೋನಾದ ಅಂಗಿಯಲ್ಲಿ ಆಡಿದ್ದೆಂಬುದನ್ನೂ ಇಲ್ಲಿ ಹೇಳಬೇಕು.

ವಿಸೆಂಟೆ ಡೆಲ್ ಬಾಸ್ಕ್ ಕೋಚ್ ಆಗಿದ್ದ ಆ ತಂಡ 2002ರ ಮೇ 15ರಂದು ಗ್ಲಾಸ್ಗೊದಲ್ಲಿ ಬಾಯರ್ ಲೆವರ್‌ಕೂಸನ್ ವಿರುದ್ಧ 2-1ರಿಂದ ಚಾಂಪಿಯನ್ಸ್ ಲೀಗ್ ಗೆದ್ದಿತು. ಆ ವಸಂತದಲ್ಲಿ ಫಿಗೊ ಕಣಕಾಲಿನ ನೋವಿನಿಂದ ನರಳುತ್ತಿದ್ದರು. ಅದೇ ವರ್ಷ ಯುರೋಪಿಯನ್ ಸೂಪರ್ ಕಪ್, ಯೊಕೊಹಾಮಾದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್, ಮರುವರ್ಷ ಮತ್ತೊಂದು ಲೀಗ್. 2003ರಲ್ಲಿ ಬೆಕ್‌ಹ್ಯಾಮ್ ಬಂದಾಗ ತೊಡಕೊಂದು ಎದ್ದಿತು. ಇಬ್ಬರ ಜಾಗವೂ ಒಂದೇ. ಫಿಗೊ ಬಲಬದಿಯಲ್ಲೇ ಉಳಿದರು, ಬೆಕ್‌ಹ್ಯಾಮ್ ಮಧ್ಯಕ್ಕೆ ಸರಿದರು. ಅಷ್ಟರಲ್ಲಿ ಡೆಲ್ ಬಾಸ್ಕ್ ಅವರನ್ನು ಕೈಬಿಡಲಾಗಿತ್ತು, ಮಧ್ಯಭಾಗ ಕಾಯುತ್ತಿದ್ದ ಮಕೆಲೆಲೆ ಚೆಲ್ಸಿಗೆ ಹೋದರು. ತಾರೆಗಳು ಹೆಚ್ಚಿದಷ್ಟೂ ತಂಡ ಸೊರಗಿತು. ಕೊನೆಯ ಎರಡು ಋತುಗಳಲ್ಲಿ ದಕ್ಕಿದ್ದು ಸ್ಪ್ಯಾನಿಷ್ ಸೂಪರ್ ಕಪ್ ಒಂದೇ. 2004-05ರಲ್ಲಿ ಬೆಂಚಿನ ಮೇಲೆ ಕೂರುವ ದಿನಗಳು ಹೆಚ್ಚಿದವು. ಒಟ್ಟು 245 ಪಂದ್ಯ, 58 ಗೋಲುಗಳೊಂದಿಗೆ ಫಿಗೊ ಕ್ಲಬ್ ಬಿಟ್ಟರು.

ರಾಷ್ಟ್ರೀಯ ತಂಡದಲ್ಲಿ

ಸುವರ್ಣ ಪೀಳಿಗೆಯ ಮೊದಲ ದೊಡ್ಡ ಟೂರ್ನಿ ಇಂಗ್ಲೆಂಡಿನಲ್ಲಿ ನಡೆದ 1996ರ ಯುರೋ ಕಪ್. ಕ್ರೊಯೇಷಿಯಾವನ್ನು 3-0ಯಿಂದ ಸೋಲಿಸಿದ ಪಂದ್ಯದಲ್ಲಿ ಮೊದಲ ಗೋಲು ಫಿಗೊ ಅವರದು. ಕ್ವಾರ್ಟರ್‌ಫೈನಲ್‌ನಲ್ಲಿ ಜೆಕ್ ಆಟಗಾರ ಪೊಬೋರ್‌ಸ್ಕಿ ಗೋಲ್‌ಕೀಪರ್ ತಲೆಯ ಮೇಲಿಂದ ಚೆಂಡು ತೇಲಿಸಿ ಪೋರ್ಚುಗಲ್ಲಿನ ಕನಸು ಮುರಿದರು. 1998ರ ವಿಶ್ವಕಪ್‌ಗೆ ಅರ್ಹತೆಯೇ ಸಿಗಲಿಲ್ಲ. ಬರ್ಲಿನ್‌ನಲ್ಲಿ ಜರ್ಮನಿ ವಿರುದ್ಧ 1-0 ಮುಂದಿದ್ದಾಗ, ಬದಲಿ ಆಟಗಾರನಿಗೆ ಜಾಗ ಬಿಡಲು ನಿಧಾನವಾಗಿ ನಡೆದರೆಂದು ರೂಯಿ ಕೋಸ್ಟಾ ಅವರಿಗೆ ರೆಫರಿ ಕೆಂಪು ಕಾರ್ಡ್ ತೋರಿಸಿದರು. ಪಂದ್ಯ 1-1ರಲ್ಲಿ ಮುಗಿಯಿತು, ಫ್ರಾನ್ಸ್‌ಗೆ ಹೋಗುವ ದಾರಿ ಮುಚ್ಚಿತು.

ಇವೆಲ್ಲಕ್ಕೂ ಉತ್ತರ 2000ದ ಯುರೋ ಕಪ್‌ನಲ್ಲಿ ಸಿಕ್ಕಿತು. ಜೂನ್ 12, ನೆದರ್ಲೆಂಡ್ಸ್‌ನ ಐಂಡ್‌ಹೋವನ್. ಇಂಗ್ಲೆಂಡ್ ಹದಿನೆಂಟನೇ ನಿಮಿಷಕ್ಕೇ 2-0 ಮುಂದೆ. ಪಾಲ್ ಸ್ಕೋಲ್ಸ್ ಮತ್ತು ಮೆಕ್‌ಮ್ಯಾನಮನ್ ಹೊಡೆದ ಎರಡೂ ಗೋಲುಗಳಿಗೆ ಬೆಕ್‌ಹ್ಯಾಮ್ ಅವರ ಕ್ರಾಸ್. ನಾಲ್ಕು ನಿಮಿಷದ ಮೇಲೆ ಫಿಗೊ ಅಂಗಳದ ನಡುವೆ ಚೆಂಡು ಪಡೆದು ನೇರ ಮುಂದಕ್ಕೆ ಓಡಿದರು. ಇಂಗ್ಲೆಂಡಿನ ಡಿಫೆಂಡರ್‌ಗಳು ತಡೆಯಲು ಬರುವ ಬದಲು ಹಿಂದೆ ಹಿಂದೆ ಸರಿದರು. ಸುಮಾರು ಮೂವತ್ತು ಗಜ ದೂರದಿಂದ ಬಲಗಾಲಿನಲ್ಲಿ ಬಾರಿಸಿದರು. ಚೆಂಡು ಟೋನಿ ಆಡಮ್ಸ್ ಕಾಲುಗಳ ನಡುವೆ ತೂರಿ, ಗೋಲ್‌ಕೀಪರ್ ಡೇವಿಡ್ ಸೀಮನ್ ಅಲುಗಾಡುವ ಮೊದಲೇ ಬಲೆಯ ಮೇಲ್ಮೂಲೆ ಸೇರಿತು. ಫಿಗೊ ಸಂಭ್ರಮಿಸಲು ನಿಲ್ಲದೆ ಬೇಗ ಬೇಗ ಆಟ ಮುಂದುವರಿಸುವಂತೆ ಜೊತೆಗಾರರನ್ನು ಹುರಿದುಂಬಿಸಿದರು. ಜೊವಾವ್ ಪಿಂಟೊ ಹಾರಿ ತಲೆಕೊಟ್ಟು ಸರಿಗಟ್ಟಿದರು, ನುನೊ ಗೋಮೆಸ್ ಗೆಲುವಿನ ಗೋಲು ಹೊಡೆದರು. 3-2. ರೊಮೇನಿಯಾ ಎದುರು ಕೊನೆಯ ಗಳಿಗೆಯಲ್ಲಿ ಕೋಸ್ಟಿನ್ಯಾ ಹೊಡೆದ ಏಕೈಕ ಗೋಲಿಗೆ ಫಿಗೊ ಅವರ ಫ್ರೀ ಕಿಕ್ ಕಾರಣ. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಹೆಚ್ಚುವರಿ ಅವಧಿ. ಅಬೆಲ್ ಷಾವಿಯರ್ ಕೈಗೆ ಚೆಂಡು ತಾಗಿ ಪೆನಾಲ್ಟಿ, ಜಿದಾನ್ ಅವರ ಚಿನ್ನದ ಗೋಲು. ಪೋರ್ಚುಗಲ್ ಸೋತರೂ ಫಿಗೊ ಅವರ ಜೀವಮಾನದ ಅತ್ಯುತ್ತಮ ಆಟ ಕಂಡದ್ದು ಆ ಮೂರು ವಾರಗಳಲ್ಲಿ.

2002ರ ವಿಶ್ವಕಪ್ ಕಹಿ. ನೋವಿದ್ದ ಕಾಲಿನಲ್ಲೇ ಆಡಿದ ಫಿಗೊ ಮಂಕಾಗಿದ್ದರು. ಅಮೆರಿಕ ಮತ್ತು ದಕ್ಷಿಣ ಕೊರಿಯಾ ಎದುರು ಸೋತು ತಂಡ ಗುಂಪು ಹಂತದಲ್ಲೇ ಮರಳಿತು. ಬ್ರೆಜಿಲ್‌ಗೆ ವಿಶ್ವಕಪ್ ಗೆದ್ದುಕೊಟ್ಟ ಸ್ಕೋಲಾರಿ ಹೊಸ ಕೋಚ್ ಆಗಿ ಬಂದು ಬ್ರೆಜಿಲ್ ಸಂಜಾತ ಡೆಕೊ ಅವರನ್ನು ತಂಡಕ್ಕೆ ತಂದಾಗ ಫಿಗೊ ಬಹಿರಂಗವಾಗಿಯೇ ವಿರೋಧಿಸಿದರು. 2003ರ ಆಗಸ್ಟ್ 20ರಂದು ಕಜಾಕಸ್ತಾನದ ಎದುರಿನ ಸೌಹಾರ್ದ ಪಂದ್ಯದ ವಿರಾಮದಲ್ಲಿ ಫಿಗೊ ಹೊರಬಂದರು. ಬದಲಿಯಾಗಿ ಇಳಿದದ್ದು 18 ವರ್ಷದ ಹುಡುಗ. ಕ್ರಿಸ್ಟಿಯಾನೊ ರೊನಾಲ್ಡೊ ಅವರ ಅಂತಾರಾಷ್ಟ್ರೀಯ ಬದುಕು ಹಾಗೆ ಆರಂಭವಾಯಿತು.

2004ರ ಯುರೋ ಕಪ್ ತವರಿನಲ್ಲೇ. ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್‌ಫೈನಲ್‌ನಲ್ಲಿ ಹಿನ್ನಡೆಯಲ್ಲಿದ್ದಾಗ 75ನೇ ನಿಮಿಷದಲ್ಲಿ ಸ್ಕೋಲಾರಿ ನಾಯಕನನ್ನೇ ಹೊರಗೆ ಕರೆದರು. ಫಿಗೊ ಬೆಂಚಿನತ್ತ ನೋಡದೆ ನೇರ ಡ್ರೆಸ್ಸಿಂಗ್ ರೂಮಿಗೆ ಹೋದರು. ಅವರ ಬದಲಿಗೆ ಬಂದ ಪೋಸ್ಟಿಗಾ ಸಮಬಲದ ಗೋಲು ಹೊಡೆದರು, ಪಂದ್ಯ ಶೂಟೌಟ್‌ನಲ್ಲಿ ಗೆದ್ದದ್ದಾಯಿತು. ಫಿಗೊ ಒಳಗೆ ಮೇರಿ ಮಾತೆಯ ಚಿತ್ರದ ಮುಂದೆ ಪ್ರಾರ್ಥಿಸುತ್ತಿದ್ದರೆಂದು ಸ್ಕೋಲಾರಿ ಆಮೇಲೆ ಹೇಳಿ, ಅವರು ಮುನಿದು ಹೋದರೆಂಬ ಗಾಳಿಮಾತಿಗೆ ತೆರೆ ಎಳೆದರು. ನೆದರ್ಲೆಂಡ್ಸ್ ಎದುರಿನ ಸೆಮಿಫೈನಲ್‌ನಲ್ಲಿ ಫಿಗೊ ಹಳೆಯ ಫಿಗೊ ಆಗಿ ಮೆರೆದರು. ಆದರೆ ಜುಲೈ 4ರ ಫೈನಲ್‌ನಲ್ಲಿ, 1991ರಲ್ಲಿ ಹುಡುಗರಾಗಿ ಗೆದ್ದಿದ್ದ ಲುಜ್ ಅಂಗಳದ ಜಾಗದಲ್ಲೇ ಎದ್ದ ಹೊಸ ಕ್ರೀಡಾಂಗಣದಲ್ಲಿ, ಗ್ರೀಸ್ 1-0ಯಿಂದ ಗೆದ್ದಿತು. ಆ ಪಂದ್ಯದ ನಡುವೆಯೂ ಒಬ್ಬ ಅಂಗಳಕ್ಕೆ ನುಗ್ಗಿ ಅವರ ಮೇಲೆ ಬಾರ್ಸಿಲೋನಾದ ಬಾವುಟ ಎಸೆದ.

ಬಳಿಕ ರಾಷ್ಟ್ರೀಯ ತಂಡದಿಂದ ದೂರ ಸರಿದಿದ್ದ ಫಿಗೊ 2005ರಲ್ಲಿ ಮರಳಿ, ಜರ್ಮನಿಯ 2006ರ ವಿಶ್ವಕಪ್‌ನಲ್ಲಿ ತಂಡವನ್ನು ಮುನ್ನಡೆಸಿದರು. ಅಂಗೋಲಾ ವಿರುದ್ಧ ಪವ್ಲೇಟಾ ಹೊಡೆದ ಗೋಲು ಅವರು ಹೊಡೆಸಿದ್ದು. ಇರಾನ್ ವಿರುದ್ಧ ಡೆಕೊ ಅವರ ಗೋಲಿಗೆ ಚೆಂಡು ಕೊಟ್ಟವರೂ ಅವರೇ. ಹಿಂದಿನ ಮುನಿಸು ಅಷ್ಟರಲ್ಲಿ ಕರಗಿತ್ತು. ಪೋರ್ಚುಗಲ್ 1966ರ ನಂತರ ಮೊದಲ ಬಾರಿ ಸೆಮಿಫೈನಲ್ ಮುಟ್ಟಿತು. ಅಲ್ಲಿ ಮತ್ತೆ ಫ್ರಾನ್ಸ್, ಮತ್ತೆ ಜಿದಾನ್ ಪೆನಾಲ್ಟಿ. ಜುಲೈ 8ರಂದು ಸ್ಟುಟ್‌ಗಾರ್ಟ್‌ನಲ್ಲಿ ಮೂರನೇ ಸ್ಥಾನದ ಪಂದ್ಯದ ಕೊನೆಯ ಕಾಲುಗಂಟೆ ಆಡಲು ಇಳಿದ ಫಿಗೊ ಬಲಬದಿಯಿಂದ ಒಂದು ಕ್ರಾಸ್ ಕೊಟ್ಟರು. ನುನೊ ಗೋಮೆಸ್ ತಲೆಕೊಟ್ಟು ಗೋಲಾಗಿಸಿದರು. ಜರ್ಮನಿ 3-1ರಿಂದ ಗೆದ್ದಿತು. ದೇಶದ ಅಂಗಿಯಲ್ಲಿ ಅದೇ ಕೊನೆ. ಅವರ 127 ಪಂದ್ಯಗಳ ದಾಖಲೆಯನ್ನು 2016ರ ಯುರೋ ಕಪ್‌ನಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ದಾಟಿದರು.

ಇಂಟರ್ ಮಿಲಾನ್ ಮತ್ತು ನಿವೃತ್ತಿ

ಹತ್ತು ವರ್ಷದ ಹಿಂದೆ ಮುಚ್ಚಿದ್ದ ಇಟಲಿಯ ಬಾಗಿಲು 2005ರಲ್ಲಿ ತೆರೆಯಿತು. 32ರ ಫಿಗೊ ಇಂಟರ್ ಮಿಲಾನ್ ಸೇರಿದರು. ಓಟ ತಗ್ಗಿದ್ದರಿಂದ ಬದಿ ಬಿಟ್ಟು ಒಳಗೆ ಬಂದು ಆಡುವುದನ್ನು ರೂಢಿಸಿಕೊಂಡರು. 2006ರ ಆಗಸ್ಟ್‌ನಲ್ಲಿ ಇಟಾಲಿಯನ್ ಸೂಪರ್ ಕಪ್‌ನಲ್ಲಿ ರೋಮಾ ಎದುರು 0-3 ಹಿಂದಿದ್ದ ಇಂಟರ್ 3-3ಕ್ಕೆ ತಂದು ನಿಲ್ಲಿಸಿತು. ಹೆಚ್ಚುವರಿ ಅವಧಿಯಲ್ಲಿ ಫಿಗೊ ಅವರ ಫ್ರೀ ಕಿಕ್ ಪಂದ್ಯ ಗೆಲ್ಲಿಸಿತು. ಮರುವರ್ಷ ನವೆಂಬರ್‌ನಲ್ಲಿ ಯುವೆಂಟಸ್ ವಿರುದ್ಧ ಕಾಲಿನ ಮೂಳೆ ಮುರಿದುಕೊಂಡರು. ಅವರಿದ್ದ ನಾಲ್ಕೂ ಋತುಗಳ ಲೀಗ್ ಪ್ರಶಸ್ತಿ ಇಂಟರ್‌ಗೆ ಸಂದಿತು. ಇವುಗಳಲ್ಲಿ ಮೊದಲನೆಯದು ಪಂದ್ಯ ಫಿಕ್ಸಿಂಗ್ ಹಗರಣದಲ್ಲಿ ಯುವೆಂಟಸ್‌ನಿಂದ ಕಿತ್ತುಕೊಂಡು ಕೊಟ್ಟದ್ದು. 2009ರ ಮೇ 31ರಂದು ಅಟಲಾಂಟಾ ವಿರುದ್ಧ ಕೊನೆಯ ಪಂದ್ಯ. ನಾಯಕ ಜನೆಟ್ಟಿ ತಮ್ಮ ತೋಳಪಟ್ಟಿಯನ್ನು ಅಂದು ಫಿಗೊ ಅವರಿಗೆ ಕಟ್ಟಿದರು.

ನಿವೃತ್ತಿಯ ನಂತರ ಕೋಚ್ ಆಗುವ ಹಾದಿ ಹಿಡಿಯಲಿಲ್ಲ. 2015ರ ಜನವರಿಯಲ್ಲಿ ಫಿಫಾ ಅಧ್ಯಕ್ಷ ಸ್ಥಾನಕ್ಕೆ ಸೆಪ್ ಬ್ಲಾಟರ್ ವಿರುದ್ಧ ನಿಲ್ಲುವುದಾಗಿ ಪ್ರಕಟಿಸಿದರು. ಇದು ಒಬ್ಬನೇ ವ್ಯಕ್ತಿಗೆ ಸರ್ವಾಧಿಕಾರ ಒಪ್ಪಿಸುವ ಪ್ರಕ್ರಿಯೆಯೇ ಹೊರತು ಚುನಾವಣೆಯಲ್ಲ ಎಂಬ ಅರ್ಥದ ಕಟುವಾದ ಹೇಳಿಕೆ ಕೊಟ್ಟು ಮೇ 21ರಂದು ಹಿಂದೆ ಸರಿದರು. ಒಂದೇ ವಾರದಲ್ಲಿ ಜ್ಯೂರಿಕ್‌ನಲ್ಲಿ ಫಿಫಾ ಅಧಿಕಾರಿಗಳ ಬಂಧನವಾಯಿತು. ಮತ್ತೆ ಆಯ್ಕೆಯಾದ ಬ್ಲಾಟರ್ ಕೆಲವೇ ದಿನಗಳಲ್ಲಿ ಹುದ್ದೆ ಬಿಡುವುದಾಗಿ ಹೇಳಬೇಕಾಯಿತು.

ಭಾರತದೊಂದಿಗೂ ಅವರಿಗೆ ಸ್ವಲ್ಪ ಕಾಲದ ನಂಟಿತ್ತು. 2016ರಲ್ಲಿ ಆರಂಭವಾದ ಪ್ರೀಮಿಯರ್ ಫುಟ್ಸಾಲ್ ಎಂಬ ಐವರ ಒಳಾಂಗಣ ಲೀಗ್‌ಗೆ ಫಿಗೊ ಅಧ್ಯಕ್ಷರಾಗಿದ್ದರು. ಅದರಲ್ಲಿ ಬೆಂಗಳೂರಿನ ಹೆಸರು ಹೊತ್ತ ತಂಡದ ತಾರೆ ಐಂಡ್‌ಹೋವನ್‌ನಲ್ಲಿ ಅವರ ಎದುರು ಮೊದಲ ಗೋಲು ಹೊಡೆದಿದ್ದ ಅದೇ ಪಾಲ್ ಸ್ಕೋಲ್ಸ್. 2017ರಲ್ಲಿ ಫಿಗೊ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎಗೆ ಸಲಹೆಗಾರರಾದರು. 2000ದ ವರ್ಗಾವಣೆಯನ್ನು ಕುರಿತ ಸಾಕ್ಷ್ಯಚಿತ್ರ 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಅದರಲ್ಲಿ ಫಿಗೊ, ಪೆರೆಜ್, ವೇಗ, ಫುತ್ರೆ ಎಲ್ಲರೂ ಕ್ಯಾಮೆರಾ ಮುಂದೆ ಕೂತು ಮಾತಾಡಿದ್ದಾರೆ. ಯಾರು ಯಾವ ಕಾಗದಕ್ಕೆ ಯಾವಾಗ ಸಹಿ ಹಾಕಿದರು ಎಂಬ ಬಗ್ಗೆ ಅವರವರ ಮಾತು ಇಂದಿಗೂ ಒಂದಕ್ಕೊಂದು ಹೊಂದುವುದಿಲ್ಲ.